ಪತ್ತಾರನ ಮೂಸೆಯಲ್ಲಿ ಕರಗದೆ ಉಳಿದ ಕಾಳುಗಳು

೧೯೭೬ರಲ್ಲಿ ನಾನು ವಾಡಿಯಲ್ಲಿ ಕೆಮಿಸ್ಟ್ ಆಗಿದ್ದೆ. ಸುತ್ತಲಿನ ಗಣಿಗಳಿಂದ ಬರುವ ಸುಣ್ಣದಕಲ್ಲನ್ನು ಪರೀಕ್ಷಿಸಿ, ಅದರಲ್ಲಿ ಸುಣ್ಣವೆಷ್ಟು, ಸಿಲಿಕಾ ಎಷ್ಟು ಎಂದು ಬರೆದುಕೊಡುವ ಸಣ್ಣ ಖಾಸಗಿ ಪ್ರಯೋಗಾಲಯ ಅದು. ಈಗ ಅದೂ ಇಲ್ಲ, ಅದರ ಕಟ್ಟಡವೂ ಇಲ್ಲ. ಮಾಲೀಕರು ಹೈದರಾಬಾದಿನಲ್ಲಿದ್ದರು. ಇಲ್ಲಿ ನಾವು ಇದ್ದದ್ದೇ ಮೂವರು. ನಾನು, ಲ್ಯಾಬ್ ಅಟೆಂಡರ್ ಶಿವಶರಣಪ್ಪ, ಮತ್ತು ಸ್ಟೋರು ಹಾಗೂ ಗೇಟು ಎರಡನ್ನೂ ನೋಡಿಕೊಳ್ಳುತ್ತಿದ್ದ ಪಾಟೀಲರು. ಪಾಟೀಲರು ಮಿಲಿಟರಿಯಿಂದ ನಿವೃತ್ತರಾಗಿ ಬಂದವರು. ಮೀಸೆಗೆ ಎಣ್ಣೆ, ಬೂಟಿಗೆ ಪಾಲಿಶ್ ಒಂದು ದಿನವೂ ತಪ್ಪಿದ್ದಿಲ್ಲ.

ಕಲ್ಲು ಪರೀಕ್ಷಿಸುವ ಲ್ಯಾಬಿಗೆ ಪ್ಲಾಟಿನಂ ಏಕೆ ಬೇಕು ಎಂದು ಓದುಗರಿಗೆ ಅನಿಸಬಹುದು. ಕಲ್ಲಿನ ಪುಡಿಯನ್ನು ಸೋಡಾ ಜೊತೆ ಬೆರೆಸಿ ಸಾವಿರ ಡಿಗ್ರಿಯಲ್ಲಿ ಕರಗಿಸಬೇಕು. ಪಿಂಗಾಣಿಯ ಪಾತ್ರೆಯಾದರೆ ಆ ಸೋಡಾ ಪಾತ್ರೆಯನ್ನೇ ತಿಂದು, ಅದರ ಸಿಲಿಕಾ ನಮ್ಮ ಲೆಕ್ಕದಲ್ಲಿ ಸೇರಿಬಿಡುತ್ತದೆ. ಪ್ಲಾಟಿನಂ ಹಾಗಲ್ಲ. ಅದು ಕರಗಲು ೧೭೬೮ ಡಿಗ್ರಿ ಬೇಕು, ಸೋಡಾಕ್ಕೂ ಸುಲಭಕ್ಕೆ ಬಗ್ಗುವುದಿಲ್ಲ. ನಮ್ಮಲ್ಲಿ ಇದ್ದದ್ದು ಒಂದು ಪ್ಲಾಟಿನಂ ಕ್ರೂಸಿಬಲ್, ಎಂದರೆ ಮೂಸೆ, ಮತ್ತು ಅದರ ಮುಚ್ಚಳ. ಸಂಜೆ ಎರಡನ್ನೂ ತೂಗಿ ತಿಜೋರಿಗೆ ಹಾಕಿ ಪಾಟೀಲರು ಕೀಲಿ ಜಗ್ಗಿ ನೋಡಿದ ಮೇಲೆಯೇ ನಮಗೆ ಬಿಡುಗಡೆ.

ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಫರ್ನೇಸ್ ಆರಿತು, ಫ್ಯಾನು ನಿಂತಿತು, ನಾವು ಹೊರಗೆ ಬೇವಿನ ನೆರಳಿಗೆ ಬಂದು ಕುಳಿತೆವು. ಕರೆಂಟು ಬಂದ ಮೇಲೆ ಉಳಿದ ಕೆಲಸ ಮುಗಿಸಿದೆವು. ಸಂಜೆ ತೂಗಲು ಹೋದರೆ ಕ್ರೂಸಿಬಲ್ ಇದೆ, ಮುಚ್ಚಳ ಇಲ್ಲ. ಮೇಜಿನ ಕೆಳಗೆ, ತೊಟ್ಟಿಯಲ್ಲಿ, ಕಸದಲ್ಲಿ, ಫರ್ನೇಸಿನ ಬಾಯಲ್ಲಿ ಎಲ್ಲ ಕಡೆ ಹುಡುಕಿದ್ದಾಯಿತು. ಕೊನೆಗೆ ಪಾಟೀಲರು ನಮ್ಮಿಬ್ಬರನ್ನೂ ಗೇಟಿನ ಹತ್ತಿರ ನಿಲ್ಲಿಸಿ ಜೇಬು ತಪಾಸಣೆ ಮಾಡಿದರು. ನನ್ನ ಜೇಬಿನಲ್ಲಿ ಒಂದು ಪೆನ್ನು, ಬಸ್ಸಿನ ಟಿಕೆಟ್ಟು. ಶಿವಶರಣಪ್ಪನ ಅಂಗಿ ಜೇಬಿನಲ್ಲಿ ಕಾಗದದ ಒಂದು ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ಸಾಸಿವೆಗಿಂತ ಚಿಕ್ಕದಾದ, ಬೆಳ್ಳಗೆ ಹೊಳೆಯುವ ಒಂದಷ್ಟು ಲೋಹದ ಕಾಳುಗಳು.

"ಇದೇನು?" ಎಂದರು ಪಾಟೀಲರು.

"ಮಗಳ ಲಗ್ನಕ್ಕ ಬೋರಮಾಳ ಸರ ಮಾಡಸ್ಲಿಕತ್ತೀನ್ರಿ. ಹಳೀ ಬಂಗಾರ ಕರಗಸುವಾಗ ಇವು ಕರಗಲಿಲ್ಲಂತ ಪತ್ತಾರ ಮೌನೇಶ ವಾಪಸ್ ಕೊಟ್ಟಾನ್ರಿ. ಏನಂತ ಸಾಹೇಬ್ರಿಗಿ ಕೇಳಬೇಕಂತ ತಂದಿದ್ದೆ. ಕೆಲಸದಾಗ ಮರತೆ."

ಪಾಟೀಲರು ಒಂದು ಕಾಳನ್ನು ಅಂಗೈಯಲ್ಲಿ ಹೊರಳಿಸಿದರು. "ಒಂದು ಬಾಜು ದುಂಡಗ, ಒಂದು ಬಾಜು ಸಪಾಟ. ಕತ್ತರಿಸಿದ್ದು ಕಣ್ಣಿಗೆ ಕಾಣಸ್ತದ. ಮುಂಜಾನೆಯಿಂದ ಸಂಜೀತನ ಪ್ಲಾಟಿನಂ ತಿಕ್ಕಾಂವನ ಜೇಬಿನಾಗ ಬ್ಯಾರೇ ಏನು ಇರ್ತದಪಾ?"

ಶಿವಶರಣಪ್ಪ ರಾವೂರಿನವನು. ಕೂಲಿ ಮಾಡಿ, ಅದರ ನಡುವೆಯೇ ಏಳನೆಯ ಇಯತ್ತೆ ಮುಗಿಸಿ, ಈ ನೌಕರಿ ಹಿಡಿದವನು. ಮಗಳ ಲಗ್ನ ಮುಂದಿನ ವಾರ. ಬೀಗರು ಭಂಕೂರಿನವರು. ಪೊಲೀಸರು ಒಮ್ಮೆ ಮನೆಯ ಮೆಟ್ಟಿಲು ಹತ್ತಿದರೆ ಮುಗಿಯಿತು. ಆಮೇಲೆ ಅವನು ನಿರಪರಾಧಿ ಎಂದು ಡಂಗುರ ಹೊಡೆಸಿದರೂ ಆ ಲಗ್ನ ಆಗುತ್ತಿರಲಿಲ್ಲ. ಅವನು ಅಳಲಿಲ್ಲ, ಆಣೆಯನ್ನೂ ಮಾಡಲಿಲ್ಲ. ನನ್ನ ಮುಖ ನೋಡಿ, "ನೀವೇ ಪರೀಕ್ಷಾ ಮಾಡ್ರಿ ಸಾಹೇಬ್ರ. ನೀವು ಏನು ಬರದ್ರೂ ಕಬೂಲ್" ಎಂದಷ್ಟೇ ಹೇಳಿದ. ಹೈದರಾಬಾದಿಗೆ ಟ್ರಂಕ್ ಕಾಲ್ ಹೋಯಿತು. ಮಾಲೀಕರ ಅಪ್ಪಣೆಯೂ ಅದೇ: ಕೆಮಿಸ್ಟ್ ಪ್ಲಾಟಿನಂ ಎಂದು ಬರೆದುಕೊಟ್ಟರೆ ನಾಳೆಯೇ ಚಿತ್ತಾಪುರಕ್ಕೆ ಹೋಗಿ ಪೊಲೀಸರಿಗೆ ದೂರು ಕೊಡಿ.

ಮರುದಿನ ಬೆಳಗ್ಗೆ ಕೆಲಸಕ್ಕೆ ಕೂತೆ. ಪಾಟೀಲರು ಎದುರಿಗೆ ಸ್ಟೂಲು ಎಳೆದುಕೊಂಡು ಕುಳಿತರು. ಶಿವಶರಣಪ್ಪ ಬಾಗಿಲ ಹೊರಗೆ ಕಟ್ಟೆಯ ಮೇಲಿದ್ದ. ಮೊದಲು ಮಾಡಿದ್ದು ಸಾಂದ್ರತೆಯ ಪರೀಕ್ಷೆ. ಒಂದು ವಸ್ತು ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಲೆಕ್ಕ ಇದು. ಬೆಳ್ಳಿಗೆ ಹತ್ತೂವರೆ, ಸೀಸಕ್ಕೆ ಹನ್ನೊಂದು ಚಿಲ್ಲರೆ, ಪ್ಲಾಟಿನಂಗೆ ಇಪ್ಪತ್ತೊಂದೂವರೆಯ ಹತ್ತಿರ. ಆ ಕಾಳುಗಳು ಬೆಳ್ಳಿಯೋ ತವರವೋ ಆಗಿರಲಿ ಎಂದು ಮನಸ್ಸಿನಲ್ಲೇ ಶರಣಬಸವೇಶ್ವರನಿಗೆ ಕೈಮುಗಿದೆ. ಲೆಕ್ಕ ಬಂದದ್ದು ಇಪ್ಪತ್ತರ ಆಸುಪಾಸು.

ಪಾಟೀಲರಿಗೆ ನನ್ನ ಮುಖವೇ ಸಾಕಾಯಿತು. "ಬರೀರಿ ಮತ್ತ" ಎಂದರು. ಅವರ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. ಶಿವಶರಣಪ್ಪ ತಂದ ಬುತ್ತಿಯ ಜೋಳದ ರೊಟ್ಟಿಯನ್ನು ದಿನಾ ಮುರಿದು ತಿನ್ನುತ್ತಿದ್ದವರು ಅವರೂ.

ನಾನು ಬರೆಯಲಿಲ್ಲ. ಪ್ಲಾಟಿನಂ ಇಷ್ಟು ಭಾರ ಎಂಬುದು ನಿಜ, ಆದರೆ ಇಷ್ಟು ಭಾರವಿರುವುದೆಲ್ಲ ಪ್ಲಾಟಿನಂ ಎನ್ನುವುದು ಬೇರೆ ಮಾತು. ನಮ್ಮ ಲ್ಯಾಬಿನಲ್ಲಿ ಬೆಳ್ಳಗೆ, ಭಾರವಾಗಿ, ಕಪ್ಪಾಗದೆ ಇರುವ ಲೋಹ ಅದೊಂದೇ ಇದ್ದದ್ದರಿಂದ ನಮಗೆಲ್ಲ ಆ ಎರಡು ಮಾತು ಒಂದೇ ಆಗಿಹೋಗಿತ್ತು. ಹಾಗಾಗಿ ಒಂದು ಕಾಳನ್ನು ಇಕ್ಕಳದಲ್ಲಿ ಹಿಡಿದು ಗಾಜಿನ ಪಟ್ಟಿಯ ಮೇಲೆ ಎಳೆದೆ. ಕಿರ್ರೆಂದು ಗೀರು ಬಿತ್ತು. ಚಾಕುವಿನ ತುದಿಯಿಂದ ಕಾಳನ್ನು ಕೆರೆದೆ. ಕಾಳಿಗೆ ಏನೂ ಆಗಲಿಲ್ಲ, ಚಾಕುವಿನ ತುದಿ ಮೊಂಡಾಯಿತು.

ಗಡಸುತನ ಅಳೆಯಲು ಖನಿಜಶಾಸ್ತ್ರದಲ್ಲಿ ಒಂದರಿಂದ ಹತ್ತರವರೆಗೆ ಮೋಸ್ ಮಾಪಕ ಎಂಬುದಿದೆ. ಬಳಪದ ಕಲ್ಲಿಗೆ ಒಂದು, ವಜ್ರಕ್ಕೆ ಹತ್ತು. ಪ್ಲಾಟಿನಂಗೆ ನಾಲ್ಕು, ನಾಲ್ಕೂವರೆ. ಅದು ಮೆತ್ತನೆಯ ಲೋಹ, ಬಡಿದರೆ ತಗಡಾಗುತ್ತದೆ, ಗಾಜಿಗೆ ಗೀರುವ ಶಕ್ತಿ ಅದಕ್ಕಿಲ್ಲ. ಈ ಕಾಳು ಆರು ದಾಟಿತ್ತು. ಸುತ್ತಿಗೆಯಿಂದ ಒಂದು ಏಟು ಕೊಟ್ಟೆ. ಹಪ್ಪಳವಾಗಲಿಲ್ಲ, ಅಂಚಿನಲ್ಲಿ ಚಕ್ಕೆ ಹಾರಿತು.

"ಪಾಟೀಲರ, ನಿಮ್ಮ ಪ್ಲಾಟಿನಂ ಹಿಂಗ ಒಡೀತದೇನ್ರಿ?" ಎಂದೆ. ನನ್ನ ದನಿಗೆ ಜೀವ ಬಂದಿತ್ತು.

ಅವರು ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ. "ಏನೋ ಬೆರಸಿರಬೇಕು. ಪಕ್ಕಾ ಹೇಳ್ರಿ" ಎಂದರು. ಕೇಳಿದ್ದು ನ್ಯಾಯವೇ ಆಗಿತ್ತು.

ಪಕ್ಕಾ ಹೇಳಬೇಕಾದರೆ ಆಕ್ವಾ ರೀಜಿಯಾ ಬೇಕು. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಈ ಮಿಶ್ರಣ ಬಂಗಾರವನ್ನೂ ಕರಗಿಸುತ್ತದೆ, ಬಿಸಿ ಮಾಡಿದರೆ ಪ್ಲಾಟಿನಂ ಅನ್ನೂ ಕರಗಿಸುತ್ತದೆ. ನಾಲ್ಕೈದು ಕಾಳುಗಳನ್ನು ಹಾಕಿ ಬೀಕರನ್ನು ಬಿಸಿಗಿಟ್ಟೆ. ಹೊಗೆ ಎದ್ದಿತು. ಹೊತ್ತು ಹೋಯಿತು. ಆಮ್ಲವನ್ನು ಕುದಿಸಿ ಕುದಿಸಿ ಇಳಿಸಿದರೂ ದ್ರವ ಹಳದಿಯಾಗಿಯೇ ಉಳಿಯಿತು. ಪ್ಲಾಟಿನಂ ಕರಗಿದರೂ ಬರುವುದು ಹಳದಿ ಬಣ್ಣವೇ. ಆಮೇಲೆ ನೆನಪಾಯಿತು, ಕೆಲವು ಕಾಳುಗಳಿಗೆ ಅರಿಶಿನ ತಾಗಿದಂತೆ ಬಂಗಾರ ಮೆತ್ತಿಕೊಂಡಿತ್ತು. ಬಂಗಾರದ ದ್ರವವೂ ಹಳದಿಯೇ.

ದ್ರವವನ್ನು ಎರಡು ಪಾಲು ಮಾಡಿದೆ. ಒಂದಕ್ಕೆ ಅಮೋನಿಯಂ ಕ್ಲೋರೈಡ್ ಹಾಕಿದೆ. ಪ್ಲಾಟಿನಂ ಇದ್ದರೆ ಹಳದಿ ಪುಡಿ ತಳಕ್ಕೆ ಕೂರಬೇಕು. ಕೂರಲಿಲ್ಲ. ಇನ್ನೊಂದಕ್ಕೆ ಸ್ಟ್ಯಾನಸ್ ಕ್ಲೋರೈಡಿನ ಹನಿ ಬಿಟ್ಟೆ. ನೇರಳೆ ಬಣ್ಣ ಹರಡಿತು. ಅದು ಬಂಗಾರದ ಗುರುತು. ಬೀಕರಿನ ತಳದಲ್ಲಿ ಕಾಳುಗಳು ಸ್ನಾನ ಮಾಡಿ ಎದ್ದವರ ಹಾಗೆ ಹೊಳೆಯುತ್ತ ಇದ್ದವು, ಒಂದೂ ಕರಗಿರಲಿಲ್ಲ. ಆ ಹೊಳಪನ್ನು ಕಂಡಾಗ ಆದಷ್ಟು ಖುಷಿ ನನಗೆ ಡಿಗ್ರಿ ಕೈಗೆ ಬಂದ ದಿನವೂ ಆಗಿರಲಿಲ್ಲ.

ಪುಸ್ತಕ ತೆಗೆದು ಲಕ್ಷಣಗಳನ್ನು ತಾಳೆ ನೋಡಿದೆ. ಉಕ್ಕಿನ ಬಿಳುಪು, ಸಾಂದ್ರತೆ ಇಪ್ಪತ್ತರ ಸುತ್ತ, ಗಡಸುತನ ಆರರಿಂದ ಏಳು, ಬಡಿದರೆ ಒಡೆಯುವ ಗುಣ, ಆಕ್ವಾ ರೀಜಿಯಾಕ್ಕೂ ಜಗ್ಗದ ಹಟ. ಇವೆಲ್ಲ ಕೂಡುವುದು ಆಸ್ಮಿರಿಡಿಯಂ ಎಂಬ ಖನಿಜದಲ್ಲಿ. ಆಸ್ಮಿಯಂ, ಇರಿಡಿಯಂ ಎಂಬ ಎರಡು ಲೋಹಗಳು ಭೂಮಿಯೊಳಗೇ ಬೆರೆತು ಆದ ಮಿಶ್ರಲೋಹ ಅದು. ಪ್ಲಾಟಿನಂ ಗುಂಪಿಗೇ ಸೇರಿದ್ದು, ಅಣ್ಣತಮ್ಮಂದಿರ ಮಕ್ಕಳು ಅನ್ನಿ. ತೂಕ ಹೊಂದಿದ್ದು ಅದಕ್ಕೇ. ನಮ್ಮ ಕಾಲದಲ್ಲಿ ಇರಿಡಿಯಂ ಹೆಚ್ಚಿದ್ದರೆ ಆಸ್ಮಿರಿಡಿಯಂ, ಆಸ್ಮಿಯಂ ಹೆಚ್ಚಿದ್ದರೆ ಇರಿಡಾಸ್ಮಿನ್ ಎನ್ನುತ್ತಿದ್ದರು. ಈಗ ವಿದ್ವಾಂಸರು ಆ ಹೆಸರುಗಳನ್ನು ಕೈಬಿಟ್ಟು, ಯಾವ ಲೋಹದ ಪಾಲು ಹೆಚ್ಚೋ ಆ ಲೋಹದ ಹೆಸರಿನಿಂದಲೇ ಖನಿಜವನ್ನು ಕರೆಯುತ್ತಾರೆ. ನನ್ನ ಬಾಯಿಗೆ ಮಾತ್ರ ಹಳೆಯ ಹೆಸರೇ ಬರುತ್ತದೆ.

ಪಾಟೀಲರು ಎಲ್ಲ ಕೇಳಿ ಮೀಸೆ ತೀಡಿದರು. "ಭೂಮ್ಯಾಗ ಅಷ್ಟು ಅಪರೂಪದ್ದು ಅಂತೀರಿ. ಹಂಗಿದ್ರ ರಾವೂರ ಶಿವಶರಣಪ್ಪನ ಜೇಬಿಗಿ ಎಲ್ಲಿಂದ ಬಂತ್ರಿ?"

ಅದನ್ನು ತಿಳಿಯದೆ ವರದಿ ಕಳಿಸಿದರೆ ಹೈದರಾಬಾದಿನವರು ಕೆಮಿಸ್ಟನೂ ಕಳ್ಳನ ಜೊತೆ ಸೇರಿದ್ದಾನೆ ಎಂದುಕೊಂಡಾರು. ನಾನು, ಪಾಟೀಲರು ಇಬ್ಬರೂ ಬಸ್ಸು ಹತ್ತಿ ಶಹಾಬಾದಿಗೆ, ಆ ಅಕ್ಕಸಾಲಿಗನ ಅಂಗಡಿಗೆ ಹೋದೆವು.

ಮೌನೇಶ ಪತ್ತಾರ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಬಂಗಾರದ ತಗಡು ಬಡಿಯುತ್ತಿದ್ದ. ಸಂಗತಿ ಕೇಳಿ ಸುತ್ತಿಗೆ ಕೆಳಗಿಟ್ಟ.

"ಖರೇ ಅದರಿ, ನಾನೇ ಕೊಟ್ಟೀನಿ. ಬಿಳಿಗಾರ ಹಾಕಿ ಮೂಸ್ಯಾಗ ಕರಗಸಿದೆ. ತಗಡ ಬಡೀಬೇಕಾದ್ರ ತಳದಾಗ ಕಾಳಕಾಳ ಹತ್ತಿತು. ಅರ ಜಾರ್ತದ, ಉಳಿ ಮುರೀತು. ಒಂದೊಂದ ಕೆದರಿ ತಗದೆ. ಗಿರಾಕಿ ಬಂಗಾರದಾಗ ಏನು ಬಂದ್ರೂ, ಕಸ ಇದ್ರೂ, ವಾಪಸ್ ಕೊಡೋದು ನಮ್ಮ ರಿವಾಜ್ರಿ. ಇಲ್ಲಂದ್ರ ಪತ್ತಾರ ತಿಂದ ಅಂತಾರ."

"ಪ್ಲಾಟಿನಂ ಇರಬಹುದಲ್ಲ?" ಎಂದರು ಪಾಟೀಲರು.

ಪತ್ತಾರ ನಕ್ಕ. "ಬೆಳ್ಳಗಿದ್ದದ್ದೆಲ್ಲಾ ಹಾಲಲ್ರಿ, ಸಾಹೇಬ್ರ."

"ಅವನು ತಂದ ಬಂಗಾರ ಏನೇನು ಇತ್ತು?" ಎಂದು ನಾನು ಕೇಳಿದೆ.

"ಅವರವ್ವನ ಝುಮಕಿ, ಒಂದು ಮುರಕ ಉಂಗುರ. ಮತ್ತ ಒಂದು ಡಬ್ಬಿ ತುಂಬ ಪೆನ್ನಿನ ನಿಬ್ಬ. ಅವರಪ್ಪ ವಾಡಿ ಟೇಸನ್ ಬಾಜೂಕ ಕುಂತು ಪೆನ್ ರಿಪೇರಿ ಮಾಡತಿದ್ದ ನೋಡ್ರಿ. ಗಾಡಿ ಬದಲಾಯಿಸೋ ಮಂದಿ ಭಾಳ ಬರ್ತಿದ್ರಲ್ಲ. ಬಂಗಾರದ ನಿಬ್ಬ ಮುರದ್ರ ಹೊಸಾದು ಹಾಕಿಸಿಕೊಂಡು ಹಳೇದು ಅಲ್ಲೇ ಬಿಟ್ಟು ಹೋಗವ್ರು."

ನಾನು ಜೇಬಿನಿಂದ ನನ್ನ ಪೆನ್ನು ತೆಗೆದೆ. ಬಂಗಾರ ಮೆತ್ತನೆಯ ಲೋಹ, ಕಾಗದಕ್ಕೆ ಉಜ್ಜಿ ಸವೆದುಹೋಗುತ್ತದೆ. ಅದಕ್ಕೆ ನಿಬ್ಬಿನ ತುದಿಗೆ ಆಸ್ಮಿರಿಡಿಯಂನ ಒಂದು ಕಾಳನ್ನು ಬೆಸೆದು, ಶಾಯಿ ಇಳಿಯಲು ಅದನ್ನು ನಡುವೆ ಸೀಳುತ್ತಾರೆ. ಓದುವಾಗ ಇದನ್ನು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತೆಗೆದವನು ನಾನು. ಪತ್ತಾರನ ಭೂತಗನ್ನಡಿ ಇಸಿದುಕೊಂಡು ಮೊದಲು ನನ್ನ ನಿಬ್ಬು ನೋಡಿದೆ, ಆಮೇಲೆ ಕಾಳು ನೋಡಿದೆ. ತೊಗರಿಯನ್ನು ಬೀಸಿ ಬೇಳೆ ಮಾಡಿದ ಹಾಗೆ ಪ್ರತಿ ಕಾಳೂ ಅರ್ಧ. ಹೊರಮೈ ದುಂಡಗೆ, ಒಳಮೈ ಸಪಾಟು. ಕತ್ತರಿಸಿದ ಗುರುತು ಎಂದು ಪಾಟೀಲರು ತೋರಿಸಿದ್ದು ಅದನ್ನೇ. ಕತ್ತರಿಸಿದ್ದು ನಿಜ, ಆದರೆ ಯಾವುದೋ ದೂರದ ನಿಬ್ಬಿನ ಕಾರ್ಖಾನೆಯಲ್ಲಿ, ಎಷ್ಟೋ ವರ್ಷಗಳ ಹಿಂದೆ. ಬಂಗಾರ ಕರಗುವ ಬೆಂಕಿ ಆ ಕಾಳುಗಳ ಕೂದಲೂ ಕೊಂಕಿಸಿರಲಿಲ್ಲ.

ಭೂತಗನ್ನಡಿ ಪಾಟೀಲರಿಗೆ ಕೊಟ್ಟೆ. ಅವರು ನೋಡಿದರು, ಮತ್ತೆ ನೋಡಿದರು. "ಛಲೋ ಆತು" ಎಂದು ದೊಡ್ಡ ಉಸಿರು ಬಿಟ್ಟರು. "ಭಾಳ ಛಲೋ ಆತ್ರಿ."

ಬಸ್ಸಿನಲ್ಲಿ ಬರುವಾಗ ತಲೆಗೆ ಇನ್ನೊಂದು ವಿಚಾರ ಬಂತು. ಪ್ಲಾಟಿನಂ ಸುಡುವುದಿಲ್ಲ, ಆವಿಯಾಗಿ ಹೋಗುವುದಿಲ್ಲ, ನಮ್ಮ ಫರ್ನೇಸಿಗೆ ಅದನ್ನು ಕರಗಿಸುವ ತಾಕತ್ತೂ ಇಲ್ಲ. ಯಾರೂ ಒಯ್ದಿಲ್ಲವೆಂದರೆ ಅದು ಆ ಕೋಣೆಯಲ್ಲೇ, ಮುಚ್ಚಳದ ರೂಪದಲ್ಲೇ ಇರಬೇಕು. ವಾಡಿಯಲ್ಲಿ ಕಲ್ಲಿನ ಧೂಳಿಲ್ಲದ ಜಾಗವೆಂದರೆ ಉರಿಯುವ ಫರ್ನೇಸಿನ ಒಳಗೆ ಮಾತ್ರ. ಅದಕ್ಕೇ ಮುಚ್ಚಳಕ್ಕೆ ಧೂಳು ಹತ್ತದಿರಲೆಂದು ಮೇಜಿನ ಮೇಲಿಡದೆ ಫರ್ನೇಸಿನ ಒಳಗಿನ ಇಟ್ಟಿಗೆಯ ಮೇಲೆ ಇಡುವುದು ನಮ್ಮ ಲ್ಯಾಬಿನ ರೂಢಿ. ಬೇರೆ ಊರಿನ ಯಾವ ಕೆಮಿಸ್ಟನೂ ಹಾಗೆ ಮಾಡಲಾರ. ಹಿಂದಿನ ದಿನ ನಾವು ಬಿಸಿ ಫರ್ನೇಸಿನ ಬಾಯಲ್ಲಿ ಇಣುಕಿದ್ದೆವು, ಹಿಂಬದಿಯನ್ನು ನೋಡಿರಲಿಲ್ಲ.

ತಣ್ಣಗಾದ ಫರ್ನೇಸಿನ ಹಿಂದಿನ ಇಟ್ಟಿಗೆಯನ್ನು ಪಾಟೀಲರೇ ಕಿತ್ತರು. ಇಟ್ಟಿಗೆ ಬಿರುಕು ಬಿಟ್ಟಿತ್ತು. ಕರೆಂಟು ಹೋದ ಗಡಿಬಿಡಿಯಲ್ಲಿ ಯಾರ ಇಕ್ಕಳ ತಗುಲಿತೋ, ಮುಚ್ಚಳ ಜಾರಿ ಆ ಸಂದಿನಲ್ಲಿ ನೆಟ್ಟಗೆ ಸಿಕ್ಕಿಕೊಂಡಿತ್ತು. ಪಾಟೀಲರು ಅದನ್ನು ತಮ್ಮ ಕರವಸ್ತ್ರದಲ್ಲಿ ಒರೆಸಿ, ಕಟ್ಟೆಯ ಮೇಲಿದ್ದ ಶಿವಶರಣಪ್ಪನ ಕೈಯಲ್ಲಿಟ್ಟರು. "ತಪ್ಪು ತಿಳ್ಕೊಂಡೆ ತಮ್ಮಾ. ಲಗ್ನಕ್ಕ ಕರೀತಿಯೋ ಇಲ್ಲೋ?" ಎಂದರು. ಶಿವಶರಣಪ್ಪ ಆಗ ಅತ್ತ. ನನ್ನ ಕಣ್ಣೂ ಒದ್ದೆಯಾಯಿತು, ಫರ್ನೇಸಿನ ಬೂದಿ ಎಂದು ನೆಪ ಹೇಳಿದೆ. ಮುಂದಿನ ವಾರ ಲಗ್ನದಲ್ಲಿ ಎಲ್ಲರಿಗಿಂತ ಹೆಚ್ಚು ಹೋಳಿಗೆ ತಿಂದವರು ಪಾಟೀಲರೇ.

ಮುಚ್ಚಳ ಸಿಕ್ಕ ದಿನದ ಸಂಜೆ ವರದಿ ಬರೆಯಲು ಕುಳಿತಾಗ ಶಿವಶರಣಪ್ಪ ಉಳಿದ ಕಾಳುಗಳನ್ನು ಕೇಳಿ ಇಸಿದುಕೊಂಡ. ಅಪ್ಪನ ಕೈ ದಾಟಿ ಬಂದವು, ಇಟ್ಟುಕೊಳ್ಳುತ್ತೇನೆ ಎಂದ. ನಾನು ಪೆನ್ನಿನ ಮುಚ್ಚಳ ತೆಗೆದು ನೇರ ಬರೆಯತೊಡಗಿದ್ದನ್ನು ನೋಡಿ, "ಸಾಹೇಬ್ರ, ಪೆನ್ನ ಹಿಡದಾಂವ ಮೊದಲ ನಿಬ್ಬ ನೋಡಬೇಕು, ಆಮ್ಯಾಲ ಬರೀಬೇಕು ಅಂತಿದ್ದ ನಮ್ಮಪ್ಪ" ಎಂದು ನಕ್ಕ.

ನಿಬ್ಬು ನೋಡಿದೆ. ಬೆಳಗ್ಗೆ ತೂಕವೊಂದನ್ನೇ ನಂಬಿ ಪ್ಲಾಟಿನಂ ಎಂದು ಬರೆದಿದ್ದರೆ ಆ ಮಾತನ್ನು ಕಾಗದದ ಮೇಲೆ ಎಳೆಯುತ್ತಿದ್ದದ್ದೂ ಅದೇ ಜಾತಿಯ ಕಾಳು. ಆಮೇಲೆ ಸಾವಿರಾರು ವರದಿಗಳಿಗೆ ಸಹಿ ಹಾಕಿದೆ. ಪ್ರತಿ ಸಲವೂ ಪೆನ್ನನ್ನು ಬೆಳಕಿಗೆ ಹಿಡಿದು ನಿಬ್ಬಿನ ತುದಿಯನ್ನೊಮ್ಮೆ ನೋಡಿ, ಇನ್ನೊಂದು ಪರೀಕ್ಷೆ ಬಾಕಿ ಇದೆಯೇ ಎಂದು ಕೇಳಿಕೊಂಡೇ ಹಾಕಿದೆ.