ಅಮಾವಾಸ್ಯೆ ಪೂಜೆಗೆ ಹೋದ ನನ್ನ ಪ್ರೊಫೈಲ್

ಸ್ನೇಹಿತರೇ, ಬೀದರಿನ ನಮ್ಮ ಕಾಲೇಜಿನ ಆಫೀಸಿನಲ್ಲಿ ಇವತ್ತು ಮೊದಲ ಸಲ ನನ್ನ ದನಿ ಏರಿತು.

ಬೆಳಿಗ್ಗೆ ಆಫೀಸಿನ ಕಂಪ್ಯೂಟರಿಗೆ ಲಾಗಿನ್ ಆದರೆ ಪರದೆ ಖಾಲಿ. ಕಾಲೇಜಿನ ವಾರ್ಷಿಕ ಸಂಚಿಕೆಯ ಹೊಣೆ ನನ್ನದು; ಅದಕ್ಕೆಂದು ಔರಾದ ಕಡೆಯ ಹುಡುಗಿಯರು ಬರೆದ ಕತೆ, ಕವನಗಳನ್ನೆಲ್ಲ ಆ ಕಂಪ್ಯೂಟರಿನಲ್ಲೇ ಟೈಪ್ ಮಾಡಿಟ್ಟಿದ್ದೆ. ಟೈಪ್ ಆಯಿತಲ್ಲ ಎಂದು ಅವರ ಕೈಬರಹದ ಹಾಳೆಗಳನ್ನು ಆಫೀಸಿನವರು ಆಗಲೇ ರದ್ದಿಗೆ ಹಾಕಿದ್ದರು. ನಿನ್ನೆ ಅಮಾವಾಸ್ಯೆ. ನಾನಿನ್ನೂ ಲಾಗ್ ಔಟ್ ಆಗುತ್ತಿರುವಾಗಲೇ, ಸರ್ವರ್ ಯಂತ್ರಕ್ಕೆ ಪೂಜೆ ಮಾಡಿ ಕಾಯಿ ಒಡೆಯಬೇಕೆಂದು ಸೂಪರಿಂಟೆಂಡೆಂಟರು ಮೇನ್ ಸ್ವಿಚ್ ಆಫ್ ಮಾಡಿದ್ದರು.

ಭಾಲ್ಕಿಯಿಂದ ಬಂದ ರಿಪೇರಿಯವನು, "ಕರೆಂಟ್ ಒಮ್ಮೆಲೆ ಹೋಗಿ ಇವರ ಲಾಗಿನ್ ಪ್ರೊಫೈಲ್ ಕೆಟ್ಟದರಿ. ಅದರಾಗಿಂದೆಲ್ಲ ಅಳಿಸಿ ಹೊಸಾದು ಮಾಡ್ತೇನಿ" ಅಂದ.

"ಮಾಡಪಾ" ಎಂದರು ಸೂಪರಿಂಟೆಂಡೆಂಟರು. "ಹುಡುಗ್ಯಾರು ಮತ್ತ ಬರೀತಾರ. ಅದೇನು ದೊಡ್ಡ ಪುರಾಣ ಏನು?"

ನಾನು ಕುರ್ಚಿ ಬಿಟ್ಟು ಏಳಲಿಲ್ಲ. "ಅಳಿಸಬ್ಯಾಡ್ರಿ ಅಣ್ಣಾ. ಮೊದಲು ಸಿ ಡ್ರೈವ್‌ನಾಗ ನನ್ನ ಹೆಸರಿನ ಹಳೇ ಫೋಲ್ಡರ್ ಅದ ಏನು ನೋಡ್ರಿ. ಅಲ್ಲೀತನಕ ನಾ ಏಳಂಗಿಲ್ಲ."

"ನೀ ಸಾಹಿತ್ಯ ಓದಿದಾಕಿ. ನಿನಗೇನು ತಿಳೀತದ ಇದರಾಗ?" ಸೂಪರಿಂಟೆಂಡೆಂಟರು ಗದರಿದರು.

"ಬರೆದದ್ದು ಹೋದ್ರ ಏನು ಹೋಗ್ತದ ಅನ್ನೋದು ತಿಳೀತದರಿ ಸರ್."

ರಿಪೇರಿಯವನು ಗೊಣಗುತ್ತ ಫೋಲ್ಡರ್ ತೆರೆದ. ಎಲ್ಲವೂ ಅಲ್ಲೇ ಇದ್ದವು! ಹೊಸ ಪ್ರೊಫೈಲಿಗೆ ನಕಲು ಮಾಡಿಸಿದೆ, ಪೆನ್ ಡ್ರೈವಿಗೂ ಹಾಕಿಕೊಂಡೆ. ಆಮೇಲೆಯೇ ಎದ್ದೆ.

ಈಗ ಎದುರುತ್ತರ ಕೊಟ್ಟದ್ದಕ್ಕೆ ನಾನು ಸೂಪರಿಂಟೆಂಡೆಂಟರಿಗೆ ಲಿಖಿತ ವಿವರಣೆ ಕೊಡಬೇಕಂತೆ. ಕೊಡುತ್ತೇನೆ. ಹೇಗೂ ಸಂಚಿಕೆಯಲ್ಲಿ ಒಂದು ಪುಟ ಖಾಲಿ ಉಳಿದಿದೆ, ಆ ವಿವರಣೆಯನ್ನು ಅಲ್ಲೇ ಅಚ್ಚು ಹಾಕಿಸುತ್ತೇನೆ.