ವಾಡಿಯ ಮ್ಯಾಚು ಮತ್ತು ಒಂದು ‘ಬಿಡು’

ಡಿಗ್ರಿ ಎರಡನೇ ವರ್ಷದಲ್ಲಿ ನಾನು ಸೇಡಂನ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಆಗಿದ್ದೆ. ಇದನ್ನು ಹೇಳಿದರೆ ಈಗ ನನ್ನ ಶಾಲೆಯ ಮಕ್ಕಳು ನನ್ನ ಹೊಟ್ಟೆಯನ್ನೊಮ್ಮೆ ನೋಡಿ ನಗುತ್ತಾರೆ. ನಗಲಿ. ಆಗ ನಾನು ತೆಳ್ಳಗಿದ್ದೆ, ಜಿಗಿಯುತ್ತಿದ್ದೆ, ಸೇಡಂ ಚಿತ್ತಾಪುರ ಎರಡೂ ತಾಲ್ಲೂಕಿನಲ್ಲಿ ನನ್ನಂಥ ಕೀಪರ್ ಇಲ್ಲ ಎಂದು ನಂಬಿಕೊಂಡಿದ್ದೆ. ಹಾಗೆ ನಂಬಿದ್ದರಿಂದಲೇ ಒಬ್ಬನಿಗೆ ಅನ್ಯಾಯ ಮಾಡಿದೆ. ಅದನ್ನು ಬರೆಯಲು ಇಷ್ಟು ವರ್ಷ ಹಿಡಿಯಿತು.

ತಂಡ ಎಂದರೆ ದೊಡ್ಡ ಮಾತಾಯಿತು. ನಮ್ಮ ಕಡೆ ಖಾಲಿ ಜಾಗ ಕಂಡರೆ ಸಾಕು, ಸ್ಟಂಪು ನೆಟ್ಟು ಕ್ರಿಕೆಟ್ ಆಡುತ್ತಾರೆ. ಫುಟ್‌ಬಾಲನ್ನು ಟಿವಿಯಲ್ಲಿ ನೋಡಿದವರೇ ಹೆಚ್ಚು. ಪಿ.ಟಿ. ಸರ್, ಕಬಡ್ಡಿಯವರು ನಾಲ್ವರು, ಓಟದವರು ಮೂವರು, ಕ್ರಿಕೆಟ್ ತಂಡಕ್ಕೆ ಬೇಡವಾದವರು ನನ್ನನ್ನೂ ಸೇರಿಸಿ ಮೂವರು, ಹೀಗೆ ಹಿಡಿದು ತಂದು ಹನ್ನೊಂದು ತುಂಬಿಸಿದ್ದರು. ಹನ್ನೊಂದನೆಯವನೇ ಕುಂಚಾವರಂ ಕಡೆಯ ಹುಡುಗ.

ಅವನು ಹಾಸ್ಟೆಲಿನಲ್ಲಿದ್ದ. ಎತ್ತರದ ಆಳು, ಮಾತು ಕಡಿಮೆ. ಅವನ ಊರು ಕಾಡಿನ ಅಂಚಿನ ಒಂದು ಸಣ್ಣ ತಾಂಡಾದಷ್ಟು ದೊಡ್ಡದು, ಮನೆಮಾತು ತೆಲುಗು. ಕನ್ನಡ ಬರುತ್ತಿತ್ತು, ಆದರೆ ಪುಸ್ತಕದ್ದು. ಹಾಸ್ಟೆಲಿನ ಹುಡುಗರ ಸೇಡಂ ಕನ್ನಡ ಅವನ ತಲೆಯ ಮೇಲಿಂದ ಹೋಗುತ್ತಿತ್ತು. ಸರ್ ಅವನನ್ನು ನನ್ನ ಮುಂದೆ, ಗೋಲಿನ ಕಾವಲಿಗೆ ನಿಲ್ಲಿಸಿದರು.

ಪ್ರಾಕ್ಟೀಸಿನ ಮೊದಲ ದಿನವೇ ಎಡವಟ್ಟಾಯಿತು. ಚೆಂಡು ನನ್ನ ಕಡೆ ನಿಧಾನವಾಗಿ ಉರುಳಿ ಬರುತ್ತಿತ್ತು. ನಾನು “ಬಿಡು!” ಎಂದು ಕೂಗಿದೆ. ನೀನು ಮುಟ್ಟಬೇಡ, ನಾನು ಹಿಡಿಯುತ್ತೇನೆ ಎಂದರ್ಥ. ಅವನು ಓಡಿ ಬಂದು ಜಾಡಿಸಿ ಒದ್ದ. ಚೆಂಡು ಕಾಂಪೌಂಡ್ ಹಾರಿ ಪಕ್ಕದ ತೊಗರಿ ಹೊಲಕ್ಕೆ ಬಿತ್ತು.

“ಬಿಡು ಅಂದ್ರ ಒದಿತೀಯೇನಲೇ?” ಎಂದೆ.

“ನೀನೇ ಬಿಡು ಅಂದ್ಯಲ್ಲ?” ಎಂದು ಕಣ್ಣು ಕಣ್ಣು ಬಿಟ್ಟ.

ಆಮೇಲೆ ತಿಳಿಯಿತು. ಹಾಸ್ಟೆಲಿನಲ್ಲಿ ಯಾರೋ ಜಗಳದಲ್ಲಿ “ನಾಕು ಬಿಡ್ತೀನಿ ನೋಡು” ಎಂದಿದ್ದು ಅವನ ಕಿವಿಗೆ ಬಿದ್ದಿತ್ತು. ಬಿಡುವುದೆಂದರೆ ಹೊಡೆಯುವುದು ಎಂದುಕೊಂಡಿದ್ದ. ಅವನದೇನು ತಪ್ಪು? ಬಸ್ಸು ಬಿಡುತ್ತದೆ, ನಳದಲ್ಲಿ ನೀರು ಬಿಡುತ್ತಾರೆ, ತಾಟಿಗೆ ಸಾರು ಬಿಡುತ್ತಾರೆ, ಕೆನ್ನೆಗೂ ಬಿಡುತ್ತಾರೆ. ಹುಟ್ಟಾ ಕನ್ನಡದವರಾದ ನಾವು ಇದನ್ನೆಲ್ಲ ಒಂದು ದಿನವೂ ಯೋಚಿಸಿದವರಲ್ಲ. ಆದರೆ ಆ ಕಥೆ ಹಾಸ್ಟೆಲಿನಲ್ಲಿ ಒಂದು ವಾರ ಓಡಿತು. ಊಟಕ್ಕೆ ಕೂತಾಗ “ಸಾರು ಬಿಡು ಅಂದ್ರ ಸಾರಿನ ಬಕೀಟು ಒದ್ದೀಯಪಾ” ಎನ್ನುತ್ತಿದ್ದರು. ಅವನೂ ನಗುತ್ತಿದ್ದ.

ನಾನು ಅವನನ್ನು ಹಾಸ್ಟೆಲಿನ ಕಟ್ಟೆಯ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟೆ. “ನೋಡು ದೋಸ್ತ, ನಾ ಬಿಡು ಅಂತ ಒದರಿದ್ರ ನೀ ಕೈಕಾಲು ಅಲ್ಲಾಡಿಸಬ್ಯಾಡ. ಬಾಲ್ ನಂದು. ನಾ ಒದರಲಿಲ್ಲಂದ್ರ ಬಾಲ್ ನಿಂದು, ಹೊಡದು ಕಳಸು. ಇಷ್ಟೇ.”

“ಒದರಿದ್ರ ನಿಂದು, ಒದರಲಿಲ್ಲಂದ್ರ ನಂದು” ಎಂದು ಅವನು ಮಗ್ಗಿಯ ಹಾಗೆ ಒಪ್ಪಿಸಿದ. ಹದಿನೈದು ದಿನದಲ್ಲಿ ನಮ್ಮಿಬ್ಬರ ಹೊಂದಾಣಿಕೆ ಎಷ್ಟು ಕುದುರಿತೆಂದರೆ, ನನ್ನ ದನಿ ಕೇಳಿದರೆ ಅವನು ಎತ್ತಿದ ಕಾಲನ್ನು ಹಾಗೇ ಇಳಿಸುತ್ತಿದ್ದ. ಹಿಂದೆ ತಿರುಗಿ ನೋಡುತ್ತಲೂ ಇರಲಿಲ್ಲ. ನನ್ನ ಮಾತಿಗೆ ಅಷ್ಟು ಬೆಲೆ ಕೊಟ್ಟವರು ನನ್ನ ಮನೆಯಲ್ಲೂ ಯಾರೂ ಇರಲಿಲ್ಲ.

ಟೂರ್ನಮೆಂಟ್ ಬಂತು. ಮೊದಲ ಸುತ್ತಿನಲ್ಲಿ ನಮಗೆ ಎದುರಾಳಿಯೇ ಬೀಳಲಿಲ್ಲ. ಎರಡನೆಯದು ಚಿತ್ತಾಪುರದವರ ಮೇಲೆ, ಗೋಲಿಲ್ಲದೆ ಮುಗಿದು ಪೆನಾಲ್ಟಿಗೆ ಹೋಯಿತು. ನಾನು ಮೂರು ಹಿಡಿದೆ. ಹುಡುಗರು ನನ್ನನ್ನು ಹೆಗಲ ಮೇಲೆ ಹೊತ್ತು ರೈಲ್ವೆ ಸ್ಟೇಷನ್ನಿನ ತನಕ ತಂದರು. ಅಂದಿನಿಂದ ನನ್ನ ಕಾಲು ನೆಲಕ್ಕೆ ತಾಗಲಿಲ್ಲ ಎಂದೇ ಹೇಳಬೇಕು.

ಮುಂದಿನದು ವಾಡಿಯವರ ಮೇಲೆ, ವಾಡಿಯಲ್ಲೇ. ವಾಡಿ ಎಂದರೆ ಆಟವೇ ಬೇರೆ. ರೈಲ್ವೆ ಕ್ವಾರ್ಟರ್ಸಿನ ಹುಡುಗರು ನಡೆಯಲು ಕಲಿಯುವಾಗಲೇ ಚೆಂಡು ಒದ್ದವರು. ಅವರ ಅಪ್ಪಂದಿರೂ ಆಡಿದವರು. ಹಿಂದಿನ ಮ್ಯಾಚಿನಲ್ಲಿ ಶಹಾಬಾದಿನವರಿಗೆ ಅವರು ಐದು ಗೋಲು ಹೊಡೆದಿದ್ದರು. ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ವಾರವಿಡೀ ಇದೇ ಲೆಕ್ಕ. ನಮ್ಮ ಪಿ.ಟಿ. ಸರ್ ಹಳೆಯ ಕಾಲದವರು, ಎಲ್ಲವನ್ನೂ ರೂಪಾಯಿಗೆ ಹದಿನಾರಾಣೆಯ ಲೆಕ್ಕದಲ್ಲಿ ಅಳೆಯುತ್ತಿದ್ದರು.

“ಗೋಲ್ ಹೊಡದು ಗೆಲ್ಲೋದು ರೂಪಾಯಿದಾಗ ಎರಡಾಣೆ” ಎಂದರು. “ಸುಳ್ಳ್ಯಾಕ ಹೇಳ್ಬೇಕು. ಆದ್ರ ಗೋಲ್ ಬಿಟ್ಟುಕೊಡದಂಗ ಪೆನಾಲ್ಟಿ ತನಕ ಎಳದ್ರಿ ಅಂದ್ರ, ಹತ್ತಾಣೆ ನಮ್ದು.” ಆ ಹತ್ತಾಣೆ ನಾನೇ ಎಂದು ಎಲ್ಲರಿಗೂ ಗೊತ್ತಿತ್ತು. ಸರ್ ನನ್ನ ಬೆನ್ನು ತಟ್ಟಿದರು. ಕುಂಚಾವರಂ ಗೆಳೆಯನಿಗೆ, “ನೀ ಇವನ್ನ ಪೆನಾಲ್ಟಿ ತನಕ ಮುಟ್ಟಿಸು, ಅಷ್ಟೇ ನಿನ್ನ ಕೆಲಸ” ಎಂದರು.

ಪ್ಯಾಸೆಂಜರ್ ರೈಲಿನಲ್ಲಿ ಹೋದೆವು. ಮೈದಾನದ ಸುತ್ತ ಇಡೀ ವಾಡಿಯೇ ನೆರೆದಿತ್ತು. ನಮ್ಮ ಪರ ಚಪ್ಪಾಳೆ ತಟ್ಟಲು ಒಂದು ನರಪಿಳ್ಳೆಯೂ ಇರಲಿಲ್ಲ. ಅವರು ಬಂದರು ನೋಡಿ, ಅಲೆಯ ಮೇಲೆ ಅಲೆ. ನಾನು ಹಿಡಿದದ್ದಕ್ಕಿಂತ ನನ್ನ ಮುಂದಿದ್ದವನು ತಡೆದದ್ದು ಹೆಚ್ಚು. ಎದೆಗೆ, ಮೊಣಕಾಲಿಗೆ, ಒಮ್ಮೆ ಮುಖಕ್ಕೇ ಚೆಂಡು ಹೊಡೆಸಿಕೊಂಡ. ಮೂಗಿನಿಂದ ರಕ್ತ ಬಂತು, ಬನಿಯನ್ನಿನಲ್ಲಿ ಒರೆಸಿಕೊಂಡು ನಿಂತ. ಅರ್ಧ ಆಟ ಮುಗಿದಾಗಲೂ ಸೊನ್ನೆ, ಇನ್ನು ಐದು ನಿಮಿಷ ಉಳಿದಾಗಲೂ ಸೊನ್ನೆ. ವಾಡಿಯ ಮಂದಿ ಸುಮ್ಮನಾಗಿಬಿಟ್ಟಿದ್ದರು.

ಆಗ ನಾನು ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಯಲು ಕೂತೆ. ಪೆನಾಲ್ಟಿಗೆ ಅವರಲ್ಲಿ ಯಾರು ಮೊದಲು ಬರುತ್ತಾನೆ, ಎಡಕ್ಕೆ ಹೊಡೆಯುತ್ತಾನೋ ಬಲಕ್ಕೋ, ಗೆದ್ದ ಮೇಲೆ ಹುಡುಗರು ನನ್ನನ್ನು ಹೊತ್ತು ಸ್ಟೇಷನ್ನಿಗೆ ಹೇಗೆ ತರುತ್ತಾರೆ, ನಾಳೆ ಕಾಲೇಜಿನಲ್ಲಿ ಹುಡುಗಿಯರು ಏನೆನ್ನುತ್ತಾರೆ. ಇವೇ ತಲೆಯಲ್ಲಿದ್ದವು. ಅಷ್ಟರಲ್ಲಿ ಒಂದು ಚೆಂಡು ಮೇಲಿನಿಂದ ಬಂತು. ಅಂಥ ಕಷ್ಟದ್ದೇನಲ್ಲ. ಬಿಸಿಲು ಕಣ್ಣಿಗೆ ಹೊಡೆದಿತ್ತು ಎಂದು ಬರೆಯಬಹುದಿತ್ತು, ಆದರೆ ಬಿಸಿಲು ನನ್ನ ಬೆನ್ನಿಗಿತ್ತು. ನಾನು ಹಿಡಿಯಲೆಂದು ಮುಂದೆ ಓಡಿದೆ, ಕೂಗುವುದನ್ನು ಮರೆತೆ. ಬಾಯಿಂದ ಒಂದು ಉಸಿರೂ ಹೊರಡಲಿಲ್ಲ.

ಅವನು ಚೆಂಡಿನ ಕೆಳಗೆ ನಿಂತು ಒಂದು ಕ್ಷಣ ಕಾದ. ಅದು ನನಗೆ ಚೆನ್ನಾಗಿ ನೆನಪಿದೆ. ನನ್ನ ದನಿಗಾಗಿ ಕಾದ. ದನಿ ಬರಲಿಲ್ಲ, ಹಾಗಾದರೆ ಚೆಂಡು ತನ್ನದು ಎಂದು ತಲೆ ಕೊಟ್ಟ. ನಾನು ಅವನ ಬೆನ್ನಿಗೇ ಬಂದುಬಿಟ್ಟಿದ್ದೆ. ಚೆಂಡು ಅವನ ತಲೆಗೆ ತಾಗಿ ನನ್ನ ಕೈ ಮೇಲಿಂದ ಹಾದು ನಮ್ಮದೇ ಗೋಲಿನೊಳಗೆ ಹೋಗಿ ಬಿತ್ತು.

ಒಂದು ಗೋಲಿನಿಂದ ಸೋತೆವು. ಸರ್ ಓಡಿ ಬಂದರು, ಮುಖ ಕೆಂಪಗಾಗಿತ್ತು. ನನ್ನನ್ನು ಕೇಳಿದರು: “ಒದರಿದ್ದೇನಲೇ?”

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ಒದರಿದ್ದೆ ಸರ್” ಎಂದೆ. “ಬಿಡು ಅಂತ ಒದರಿದ್ದೆ.”

ಅಷ್ಟು ಸಾಕಾಯಿತು. ಮುಂದಿನದನ್ನು ನಾನು ಹೇಳಬೇಕಾಗಲೇ ಇಲ್ಲ, ತೊಗರಿ ಹೊಲದ ಹಳೆಯ ಕಥೆ ಎಲ್ಲರಿಗೂ ಬಾಯಿಪಾಠವಿತ್ತು. “ಮತ್ತ ಬಿಡು ಅಂದ್ರ ಹೊಡಿ ಅಂತ ತಿಳದಾನ್ರಿ ಸರ್ ಇವ” ಎಂದು ಒಬ್ಬ ಹೇಳಿದ. “ಕನ್ನಡ ಬರಲಾರದವನ್ನ ಹಿಂದ ನಿಂದರಿಸಿದ್ರ ಹಿಂಗೇ” ಎಂದು ಇನ್ನೊಬ್ಬ ಹೇಳಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬರೆಯ ಕಡ್ಡಿ ಕಾಯಿಸಿ ಕೊಟ್ಟವನು ನಾನು.

ಮರಳುವ ರೈಲಿನಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ. ಚಿತ್ತಾಪುರ ದಾಟಿದ ಮೇಲೆ ಅವನೇ ಎದ್ದು ನನ್ನ ಹತ್ತಿರ ಬಂದ. ಮೂಗಿನ ಕೆಳಗೆ ರಕ್ತ ಒಣಗಿತ್ತು.

“ನೀ ಖರೇನೇ ಒದರಿದ್ದೇನು? ನನಗ ಕೇಳಲಿಲ್ಲ” ಎಂದ. ಜಗಳಕ್ಕೆ ಬಂದ ದನಿಯಲ್ಲ, ತಿಳಿದುಕೊಳ್ಳಲು ಕೇಳುವ ದನಿ.

ಹೇಳಬಹುದಿತ್ತು. ಸುತ್ತ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. “ಒದರಿದ್ದೆ” ಎಂದೆ, ಕಿಟಕಿಯ ಹೊರಗೆ ನೋಡುತ್ತ.

“ಹಂಗಾದ್ರ ನನಗೇ ತಿಳೀಲಿಲ್ಲ” ಎಂದು ತಲೆಯಾಡಿಸಿ ಹೋಗಿ ತನ್ನ ಜಾಗದಲ್ಲಿ ಕೂತ. ನಾನು ಹೇಳಿದ್ದೆನಲ್ಲ, ನನ್ನ ಮಾತಿಗೆ ಬೆಲೆ ಕೊಟ್ಟವನು ಅವನೊಬ್ಬನೇ.

ಆಮೇಲೆ ಅವನು ಮೈದಾನಕ್ಕೆ ಬರಲಿಲ್ಲ. ಸರ್ ಒಮ್ಮೆ ಹೇಳಿ ಕಳಿಸಿದರು, ಕಾಲು ನೋವು ಎಂದನಂತೆ. ಮೊದಲು ಹಾಸ್ಟೆಲಿನ ಪಡಸಾಲೆಯಲ್ಲಿ ಕೂತು ಅವ್ವನ ಜೊತೆ ಫೋನಿನಲ್ಲಿ ತೆಲುಗಿನಲ್ಲಿ ನಗುನಗುತ್ತ ಮಾತಾಡುತ್ತಿದ್ದವನು, ಈಗ ಫೋನು ಬಂದರೆ ಕಾಂಪೌಂಡಿನ ಆಚೆ ಹೋಗುತ್ತಿದ್ದ. ತರಗತಿಯಲ್ಲಿ ಗೊತ್ತಿದ್ದ ಪ್ರಶ್ನೆಗೂ ಕೈ ಎತ್ತುತ್ತಿರಲಿಲ್ಲ. ಇದೆಲ್ಲ ನಾನು ನೋಡಿದೆ. ನೋಡಿಯೂ ಒಂದೂವರೆ ವರ್ಷ ಅವನ ಬೆಂಚಿನ ಹಿಂದೆಯೇ ಕೂತು ಪರೀಕ್ಷೆ ಬರೆದು ಪಾಸಾದೆ. ಮುಂದಿನ ವರ್ಷ ವಾಡಿಯವರು ನಮಗೆ ನಾಲ್ಕು ಗೋಲು ಹೊಡೆದರು. ಅವನಿದ್ದಿದ್ದರೆ ಎಂದು ಯಾರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಡಿಗ್ರಿ ಮುಗಿದ ಮೇಲೆ ಅವನು ಎಲ್ಲಿಗೆ ಹೋದನೋ ಗೊತ್ತಾಗಲಿಲ್ಲ.

ನನಗೆ ಮಾಸ್ತರಿಕೆ ಸಿಕ್ಕಿತು. ಊರೂರು ತಿರುಗಿ ಕಡೆಗೆ ಚಿಂಚೋಳಿಗೆ ವರ್ಗವಾಯಿತು. ಇತ್ತೀಚೆಗೆ ಸರ್ಕಾರದ ಮನೆಮನೆ ಸಮೀಕ್ಷೆಯ ಕೆಲಸ ನಮ್ಮ ಕೊರಳಿಗೆ ಬಿದ್ದಿತ್ತು. ಮೊಬೈಲು ಹಿಡಿದು ಬೀದಿ ಬೀದಿ ಅಲೆಯುವುದು, ಯಾರ ಮನೆಯಲ್ಲಿ ಎಷ್ಟು ಮಂದಿ, ಏನು ಓದಿದ್ದಾರೆ, ಯಾವ ಭಾಷೆ ಎಂದು ಕೇಳಿ ತುಂಬುವುದು. ಒಂದು ಮಧ್ಯಾಹ್ನ ಒಂದು ಮನೆಯ ಬಾಗಿಲು ಬಡಿದೆ. ತೆರೆದವನು ಅವನು. ಕೂದಲು ಹಿಂದೆ ಸರಿದಿತ್ತು, ಎತ್ತರ ಹಾಗೇ ಇತ್ತು.

“ಅಯ್ಯ, ಕೀಪರ್!” ಎಂದು ನನ್ನ ಎರಡೂ ಕೈ ಹಿಡಿದುಕೊಂಡು ಒಳಗೆ ಕರೆದ. “ಬಾ, ಕುಂದ್ರು, ಕುಂದ್ರು.”

ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದಾನೆ. ಹೆಂಡತಿ ಚಿಂಚೋಳಿಯ ಕನ್ನಡದವಳು, ನರ್ಸು, ಡ್ಯೂಟಿಗೆ ಹೋಗಿದ್ದಳು. ಆರೇಳು ವರ್ಷದ ಮಗಳು ನೆಲದ ಮೇಲೆ ಕೂತು ಬಣ್ಣ ಹಚ್ಚುತ್ತಿದ್ದಳು. ಗೋಡೆಗೊರಗಿ ಅವನ ಅವ್ವ ಕೂತಿದ್ದಳು. ತಂದೆ ತೀರಿಕೊಂಡ ಮೇಲೆ, ತಿಂಗಳ ಹಿಂದಷ್ಟೇ ಅವಳನ್ನು ಊರಿನಿಂದ ಕರೆತಂದಿದ್ದನಂತೆ. ನಾನು ಮೊಬೈಲು ತೆಗೆದು ಒಂದೊಂದೇ ಕೇಳುತ್ತ ಹೋದೆ.

“ಮಾತೃಭಾಷೆ?”

“ಕನ್ನಡ ಹಾಕು.”

ನಾನು ತಲೆ ಎತ್ತಿ ಅವ್ವನ ಕಡೆ ನೋಡಿದೆ.

“ಅಕಿಗಿ ಒಂದು ಅಕ್ಷರ ಕನ್ನಡ ಬರಲ್ಲ” ಎಂದ. “ಆದ್ರೂ ಕನ್ನಡಾನೇ ಹಾಕು. ಮಗಳು ಹುಟ್ಟಿದಾಗಿಂದ ಮನ್ಯಾಗ ತೆಲುಗು ಬಂದ್ ಮಾಡೀನಿ. ಎರಡು ಭಾಷಾ ಕಲಸಿದ್ರ ಏನಾಗ್ತದ ನಿನಗ ಗೊತ್ತೇ ಅದಲ್ಲ. ನಾ ನಾಕು ಮಂದಿ ಮುಂದ ಮುಖ ಇಲ್ಲದಂಗ ಆದೆ. ಮಗಳು ಹಂಗ ಆಗಬಾರದು.” ಇದನ್ನು ಅವನು ನನ್ನ ಮೇಲೆ ಯಾವ ಸಿಟ್ಟೂ ಇಲ್ಲದೆ, ಸಾಕ್ಷಿಯ ಹತ್ತಿರ ಹೇಳುವ ಹಾಗೆ ಹೇಳಿದ.

ಮೊಬೈಲನ್ನು ತೊಡೆಯ ಮೇಲಿಟ್ಟು, “ದೋಸ್ತ, ಅವತ್ತು ನಾ ಒದರಿದ್ದಿಲ್ಲ” ಎಂದೆ. “ಬಾಯೇ ತೆಗೆದಿದ್ದಿಲ್ಲ. ಸರ್ ಕೇಳಿದಾಗ ಸುಳ್ಳು ಹೇಳಿದೆ. ನಿಂದೇನೂ ತಪ್ಪಿದ್ದಿಲ್ಲ. ನೀ ಮಾಡಿದ್ದು ಬರೋಬ್ಬರಿ ಇತ್ತು.”

ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಅವನು ನಕ್ಕು ನನ್ನ ಭುಜ ತಟ್ಟಿದ.

“ಭಾಳ ಛಲೋ ಮನುಷ್ಯ ಅದಿ ನೀ. ಇಷ್ಟು ವರ್ಷ ಆದಮ್ಯಾಲ ನನ್ನ ಸಮಾಧಾನಕ್ಕಂತ ಹೇಳ್ತಿ.”

“ಖರೆ ಹೇಳ್ಲಿಕತ್ತೀನೋ.”

“ಎಲ್ಲೀದು ಖರೆ? ನಾ ಕೇಳೀನಲ್ಲ! ನಿನ್ನ ದನಿ ಇನ್ನೂ ಕಿವ್ಯಾಗ ಅದ. ಸಾಫ್ ಒದರಿದ್ದಿ ನೀ. ನನಗೇ ತಿಳೀಲಿಲ್ಲ.”

“ಟ್ರೇನಿನ್ಯಾಗ ನೀನೇ ಬಂದು, ನನಗ ಕೇಳಲಿಲ್ಲ ಅಂದಿದ್ದಿ.”

“ಹುಡುಗರಿದ್ವಿ ಆಗ, ನೆವ ಹೇಳಿರಬೇಕು” ಎಂದ.

ಅಷ್ಟರಲ್ಲಿ ಅವನಿಗೆ ಫೋನು ಬಂತು, ಎಲ್ಲೋ ತಂತಿ ಹರಿದಿತ್ತು. ಅಂಗಿ ಹಾಕಿಕೊಳ್ಳಲು ಒಳಗೆ ಹೋದ. ನಾನು ಎದ್ದು ಬಾಗಿಲಿಗೆ ಬಂದು ಚಪ್ಪಲಿ ಮೆಟ್ಟಿದೆ. ಹಿಂದೆ ಅಜ್ಜಿ ಮೊಮ್ಮಗಳ ಕೈ ಹಿಡಿದು, ನನ್ನ ಕಡೆ ತೋರಿಸಿ, ತೆಲುಗಿನಲ್ಲಿ ಏನೋ ಹೇಳಿದಳು. ಹುಡುಗಿ ಅಜ್ಜಿಯ ಬಾಯಿಯನ್ನೇ ನೋಡಿದಳು. ಅಜ್ಜಿ ಮತ್ತೆ ಹೇಳಿದಳು. ಹುಡುಗಿ ಕೈ ಬಿಡಿಸಿಕೊಂಡು ನನ್ನ ಹತ್ತಿರ ಬಂದಳು.

“ಏನಂತಾಳ್ರಿ ಸರ್ ಈಕಿ? ನಿಮಗ ತಿಳೀತದೇನ್ರಿ?”

ಸೇಡಂನವನಿಗೆ ಅಷ್ಟು ತೆಲುಗು ಬಾರದೇ ಇರುತ್ತದೆಯೇ? “ಮಗನ ಗೆಳೆಯ ಅಂತ, ಊಟ ಮಾಡಿ ಹೋಗಬೇಕಂತವ್ವ. ನನಗ ಹೇಳು ಅಂತ ನಿನಗ ಅನ್ಲಿಕತ್ತಾಳ” ಎಂದೆ. “ಇನ್ನೊಂದಿನ ಬರ್ತೀನಿ ಅಂತ ಹೇಳವ್ವ.”

ಹುಡುಗಿ ಅಜ್ಜಿಯ ಮುಂದೆ ಹೋಗಿ ಬಗ್ಗಿ, ಕಿವಿಗೆ ಬಾಯಿ ಹಚ್ಚಿ, ಎರಡು ಮನೆಗೆ ಕೇಳುವ ಹಾಗೆ “ಸರ್ ಇನ್ನೊಂದಿನ ಬರ್ತಾರಂತ!” ಎಂದು ಕನ್ನಡದಲ್ಲಿ ಒದರಿದಳು. ಅಜ್ಜಿಯ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.