ಕುದುರೆಗೆ ಎಣ್ಣೆ ತಿಕ್ಕಿದ ಅಕ್ಕ

ಇವತ್ತು ಬೆಳಿಗ್ಗೆ ಕಂಬಳಕ್ಕೆ ಹೊರಡುವಾಗ ಕಪಾಟಿನಿಂದ ಕೈಚೀಲ ತೆಗೆದೆ ನೋಡಿ, ಘಮ್ಮೆಂದು ತೆಂಗಿನೆಣ್ಣೆಯ ವಾಸನೆ. ಎಷ್ಟು ಒಗೆದರೂ ಹೋಗದ ಈ ವಾಸನೆ ಸ್ಪೇನ್ ದೇಶದ್ದು ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಆ ದಿನ ನಾನು ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ.

ಹೋದ ವರ್ಷ ಮೇ ತಿಂಗಳಲ್ಲಿ ನಾನೂ ಅಕ್ಕನೂ ಒಂದು ಪ್ರವಾಸಿ ಗುಂಪಿನೊಂದಿಗೆ ಅಲ್ಲಿಗೆ ಹೋಗಿದ್ದೆವು. ನನಗೆ ಅರಮನೆ, ಇಗರ್ಜಿ ನೋಡುವ ಆಸೆ. ಅಕ್ಕನಿಗೆ ಒಂದೇ ಹಟ, ದಕ್ಷಿಣದ ಆಂದಲೂಸಿಯಾ ಸೀಮೆಯ ಕುದುರೆ ಜಾತ್ರೆ. "ಪ್ರಾಣಿ ಇಲ್ಲದ ಕಡೆ ನಂಗೆಂತ ಕೆಲಸ?" ಎಂದು ಪುತ್ತೂರಿನಲ್ಲಿ ಬಸ್ಸು ಹತ್ತುವಾಗಲೇ ಸಾರಿಬಿಟ್ಟಿದ್ದಳು.

ಈಶ್ವರಮಂಗಲದ ನಮ್ಮ ತವರಿನಲ್ಲಿ ಅಪ್ಪ ಕಂಬಳದ ಕೋಣ ಸಾಕುತ್ತಿದ್ದರು. ಹುರುಳಿ ಬೇಯಿಸುವುದು, ಮೀಯಿಸುವುದು, ಎಣ್ಣೆ ತಿಕ್ಕುವುದು ಎಲ್ಲ ಅಕ್ಕನೇ. ಮದುವೆಯಾಗಿ ಕಡಬಕ್ಕೆ ಹೋದ ಮೇಲೂ ಕಂಬಳದ ಕಾಲಕ್ಕೆ ಬಂದು ಕೋಣಗಳ ಚಾಕರಿಗೆ ನಿಲ್ಲುತ್ತಿದ್ದಳು. ನಾನೋ, ಕೋಣ ಇತ್ತ ತಿರುಗಿದರೆ ಸಾಕು, ಅಡುಗೆಮನೆ ಸೇರುವವಳು. ಆದರೆ ಕಂಬಳದ ದಿನ ಇಬ್ಬರಿಗೂ ಅದೇ ಅಡುಗೆಮನೆ. ಹಗ್ಗ ಹಿಡಿದು ಕೋಣವನ್ನು ಓಟದ ಗದ್ದೆಗೆ ಇಳಿಸುವುದು ಗಂಡಸರು. "ಒಂದು ಸಲ ನಾನು ಹಿಡೀತೇನೆ ಅಪ್ಪ" ಎಂದು ಅಕ್ಕ ಕೇಳಿದ್ದಕ್ಕೆ, "ಹೆಣ್ಣುಮಕ್ಕಳು ಹಗ್ಗ ಹಿಡಿಯುದುಂಟಾ? ಬಂದವರಿಗೆ ಬಡಿಸುದು ಯಾರು ಮತ್ತೆ?" ಎಂದಿದ್ದರು. ಅಪ್ಪ ಹೋಗಿ ತಮ್ಮನ ಯಜಮಾನಿಕೆ ಬಂತು, ಮಾತು ಬದಲಾಗಲಿಲ್ಲ. ಅಕ್ಕನ ಆಸೆಯೂ ಬದಲಾಗಲಿಲ್ಲ.

ಕುದುರೆ ಜಾತ್ರೆ ಎಂದರೆ ಏನೆಂದುಕೊಂಡಿರಿ! ಹಳದಿ ಮಣ್ಣಿನ ಬೀದಿ, ಎರಡೂ ಬದಿ ಪಟ್ಟೆಪಟ್ಟೆ ಡೇರೆಗಳು, ಚುಕ್ಕಿಚುಕ್ಕಿಯ ನೆರಿಗೆ ಲಂಗದ ಹೆಂಗಸರು, ಕುದುರೆಯಿಂದ ಇಳಿಯದೆಯೇ ಗ್ಲಾಸು ಹಿಡಿದು ಹರಟುವ ಗಂಡಸರು. ನಾನು ಬಾಯಿ ಬಿಟ್ಟುಕೊಂಡು ಆ ಲಂಗಗಳನ್ನೇ ನೋಡುತ್ತಿದ್ದೆ. ತಿರುಗಿದರೆ ಅಕ್ಕನಿಲ್ಲ. ಅವಳ ಹೆಗಲಲ್ಲಿದ್ದ ನನ್ನ ಕೈಚೀಲವೂ ಇಲ್ಲ.

ಡೇರೆಯೊಂದರ ಹಿಂದೆ ಬಿಳಿ ಕುದುರೆಯೊಂದನ್ನು ಕಟ್ಟಿದ್ದರು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾನು ತಲೆಗೆಂದು ತಂದ ಎಣ್ಣೆಯನ್ನು ಅದರ ಕಾಲಿಗೆ ತಿಕ್ಕುತ್ತಿದ್ದಾಳೆ! ಮುಚ್ಚಳ ಹಾಕದ ಬಾಟಲಿ ಚೀಲದೊಳಗೆ ಅಡ್ಡಬಿದ್ದಿದೆ. ಬೆವರಿದ ಪ್ರಾಣಿ ಕಂಡರೆ ನಮ್ಮೂರಿನವರು ಯಾರನ್ನೂ ಕೇಳುವುದಿಲ್ಲ. ಮೊದಲು ನೀರು, ಆಮೇಲೆ ಎಣ್ಣೆ. ಆ ಕುದುರೆಯೋ ಮೆರವಣಿಗೆಗೆಂದು ತೊಳೆದು, ಕೂದಲು ಹೆಣೆದು ನಿಲ್ಲಿಸಿದ್ದು. ಎಣ್ಣೆಗೆ ಹಳದಿ ಧೂಳು ಮೆತ್ತಿ ಬಿಳಿ ಕಾಲು ನೋಡುವ ಹಾಗಿರಲಿಲ್ಲ.

ಕುದುರೆಯ ಒಡತಿ ಓಡಿಬಂದಳು. ಟೋಪಿ ಹಾಕಿದ, ಅಕ್ಕನದೇ ಪ್ರಾಯದ ಹೆಂಗಸು. ಭಾಷೆ ಬಾರದಿದ್ದರೂ ಬೈಗುಳ ಯಾರಿಗೂ ಅರ್ಥವಾಗುತ್ತದೆ ಬಿಡಿ. "ಬಾ ಅಕ್ಕ, ಮರ್ಯಾದೆ ಹೋಯ್ತು" ಎಂದು ನಾನು ಎಳೆದೆ.

"ನೀ ಸುಮ್ನಿರು ಮಾರಾಯ್ತಿ. ಹಚ್ಚಿದ್ದು ನಾನು, ತೊಳೆಯುದೂ ನಾನೇ" ಎಂದವಳೇ ಅಲ್ಲಿದ್ದ ಬಕೆಟಿಗೆ ಕೈ ಹಾಕಿದಳು. ಗೊರಸಿನಿಂದ ಮೊಣಕಾಲಿನವರೆಗೆ ಅವಳು ತಿಕ್ಕಿ ತೊಳೆದ ರೀತಿ ನೋಡಿ ಒಡತಿಯ ಬೈಗುಳ ನಿಂತಿತು. ಕುದುರೆ ಬಗ್ಗಿ ಅಕ್ಕನ ಬೆನ್ನು ಮೂಸಿತು. ಒಡತಿ ಏನೋ ಕೇಳಿದಳು.

"ನಿಮ್ಮಲ್ಲೂ ಕುದುರೆ ಉಂಟಾ ಅಂತ ಕೇಳ್ತಿದ್ದಾರೆ" ಎಂದ ನಮ್ಮನ್ನು ಹುಡುಕಿಕೊಂಡು ಬಂದ ಗುಂಪಿನ ಗೈಡ್, ನಮ್ಮ ಕಡೆಯವನೇ.

"ಕೋಣ ಉಂಟು. ಆದ್ರೆ ಹಗ್ಗ ನನ್ನ ಕೈಗೆ ಕೊಡುದಿಲ್ಲ ಅಂತ ಹೇಳು."

ಅವನು ಹೇಳಿದ. ಆ ಹೆಂಗಸು ಕುದುರೆಯನ್ನು ಬಿಚ್ಚಿ ಲಗಾಮನ್ನು ಅಕ್ಕನ ಒದ್ದೆ ಕೈಗಿಟ್ಟಳು. ಮೆರವಣಿಗೆ ಹೊರಡುವ ಜಾಗದವರೆಗೂ ಅಕ್ಕನೇ ಕುದುರೆಯನ್ನು ನಡೆಸಿಕೊಂಡು ಹೋದಳು, ಯಾರ ಮುಖವನ್ನೂ ನೋಡದೆ. ಹಿಂದೆ ನಡೆಯುತ್ತಿದ್ದ ನನಗೆ ಅಳು ಬಂತು. ಇಷ್ಟು ಸಣ್ಣದಕ್ಕೆ ಇಷ್ಟು ದೂರ ಬರಬೇಕಾಯಿತಲ್ಲ ಎಂದು ಸಿಟ್ಟೂ ಬಂತು.

ಊರಿಗೆ ಮುಟ್ಟಿದವಳೇ ಅಕ್ಕ ತಮ್ಮನಿಗೆ ಹೇಳಿದಳು, "ಈ ಸಲ ಕೋಣ ಇಳಿಸುದು ನಾನು."

"ನಿಂಗೆ ಮಂಡೆ ಸಮ ಉಂಟಾ ಅಕ್ಕ? ಕೋಣ ಎಳೆದ್ರೆ?"

"ಎಳೆದ್ರೆ ಬೀಳ್ತೇನೆ. ಬಿದ್ದ ಮೇಲೆ ನೀನು ಹಿಡಿ."

ಹಾಗೆ ಇವತ್ತು ಗದ್ದೆಯ ಅಂಚಿನಲ್ಲಿ ಕೊಂಬು ಊದುತ್ತಿರುವಾಗ ಜೋಡಿ ಕೋಣಗಳ ಎದುರು ಅಕ್ಕ ನಿಂತಿದ್ದಳು, ಎರಡೂ ಕೈಯಲ್ಲಿ ಹಗ್ಗ. ತಮ್ಮ ಮುಖ ಊದಿಸಿಕೊಂಡು ಪಕ್ಕದಲ್ಲಿದ್ದ. ಜನ ಗುಸುಗುಸು ಎನ್ನುತ್ತಿದ್ದರು. ನನ್ನ ಮನೆ ಗದ್ದೆಗೆ ಹತ್ತಿರವಾದ್ದರಿಂದ ನೆಂಟರ ಊಟ ನನ್ನ ಪಾಲಿಗಿತ್ತು. ಒಂದು ಫೋಟೋ ತೆಗೆದು ಮೆಲ್ಲಗೆ ಹೊರಟೆ.

"ಎಲ್ಲಿಗೆ?" ಎಂದಳು ಅಕ್ಕ.

"ಅನ್ನಕ್ಕೆ ಇಡ್ಬೇಕಲ್ಲ."

"ಹಸಿವಾದವರು ಇಟ್ಕೊಳ್ತಾರೆ." ಎಡಗೈಯ ಹಗ್ಗವನ್ನು ನನ್ನತ್ತ ಚಾಚಿದಳು. "ಹಿಡಿ. ಸಡಿಲ ಬಿಡ್ಬೇಡ."

ಕೈಚೀಲವನ್ನು ತಮ್ಮನ ಹೆಗಲಿಗೆ ಹಾಕಿದೆ. ಹಿಡಿದೆ. ಇಬ್ಬರೂ ಗದ್ದೆಗೆ ಇಳಿದೆವು.